ಸಮುದ್ರದ ಪಟ್ಟಿ

೧೪ ನವೆಂಬರ್, ಗುರುವಾರ. ದೊಡವಾಡ.

ಆ ಪಟ್ಟಿಯ ಮೇಲೆ ನನಗಿನ್ನೂ ಅನುಮಾನ. ಅತ್ತೆಯ ಕಾಲಿನ ಶುಗರ್ ಗಾಯಕ್ಕೆ ನರ್ಸ್ ಸುವರ್ಣಾ ಮೊನ್ನೆ ಕಟ್ಟಿಹೋದಾಗ ಅರಳೆಯಂತಿತ್ತು. ಇಂದು ಅವಳೇ ಬಂದು ಬಿಚ್ಚಿದರೆ ಬರೀ ಲೋಳೆ! ಕೀವು ತುಂಬಿದೆ ಎಂದು ಅವಳನ್ನು ಬೈದೆ.

"ಕೀವಲ್ರಿ ಅಕ್ಕಾರ. ಸಮುದ್ರದ ಪಾಚಿಯಿಂದ ಮಾಡಿದ್ದೈತಿ, ಗಾಯದ ನೀರ ಹೀರಿ ಹಿಂಗಾಗತೈತಿ," ಎಂದಳು.

ಮಂಚದಿಂದ ಅತ್ತೆ ಕೇಳಿದರು, "ಹಂಗಾರ ಅದು ಮೀನ ಅಲ್ಲೇನ?"

ಮೊನ್ನೆ ಸುವರ್ಣಾ ಬರೀ 'ಸಮುದ್ರದ್ದು' ಅಂದಿದ್ದಳಂತೆ. ಮೀನು ಕಟ್ಟಿಕೊಂಡ ಮೈಯಲ್ಲಿ ಲಿಂಗ ಮುಟ್ಟುವುದು ಹೇಗೆಂದು ಅತ್ತೆ ಎರಡು ದಿನ ಪೂಜೆಯನ್ನೇ ಬಿಟ್ಟಿದ್ದಾರೆ. ಪೂಜೆಯಾಗದೆ ಅವರು ಉಣ್ಣುವುದಿಲ್ಲ. ಬರೀ ಚಹಾ ಕುಡಿದು ಶುಗರ್ ಗುಳಿಗೆ ನುಂಗಿದ್ದಾರೆ! ನಾನಿಟ್ಟ ರೊಟ್ಟಿ ನಾಯಿಯ ಪಾಲಾಗಿದ್ದು ನನಗೆ ಗೊತ್ತೇ ಆಗಲಿಲ್ಲ.

"ಮೀನ ಅಲ್ಲಂತ ನಿನ್ನ ಲಿಂಗಾ ಮುಟ್ಟಿ ಹೇಳವಾ," ಎಂದರು.

ಕೊರಳ ಲಿಂಗ ಮುಟ್ಟಿ ಹೇಳಿದೆ. ಸಂಜೆ ಪೂಜೆಗೆ ಕುಳಿತರು. ಒಂದೂವರೆ ರೊಟ್ಟಿ ಉಂಡರು.

ಆಮೇಲೆ ಪಟ್ಟಿಯ ಪೊಟ್ಟಣ ಓದಿದೆ. ಪಾಚಿ ಎಂದಿರುವುದು ನಿಜ. ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ, ರಾಸಾಯನಿಕವಾಗಿ ಮಾರ್ಪಡಿಸಲಾಗಿದೆ ಎಂದಿದೆ. ಏನು ಬೆರೆಸಿ ಮಾರ್ಪಡಿಸಿದರು? ಅದನ್ನು ಮಾತ್ರ ಬರೆದಿಲ್ಲ. ನಾಳೆ ಸುವರ್ಣಾಳನ್ನು ಕೇಳಬಹುದು. ಆದರೆ ಅವಳಿಗೆ ಗೊತ್ತಿದ್ದು, ಹೇಳಿಯೇ ಬಿಟ್ಟರೆ, ನಾನು ಲಿಂಗ ಮುಟ್ಟಿ ಹೇಳಿದ ಮಾತು...