ಬೆಚ್ಚಗಿನ ಕುರ್ಚಿ

ಜೂನ್ ೧೧, ಮಂಗಳವಾರ

ಬರೆಯಲೂ ಹೇಸಿಗೆ. ಮನೆಯಿಂದ ಆಫೀಸಿನ ಕಂಪ್ಯೂಟರಿಗಿದ್ದ ರಿಮೋಟ್ ಸಂಪರ್ಕ ಮಧ್ಯಾಹ್ನ ಇದ್ದಕ್ಕಿದ್ದಂತೆ ಕಡಿದುಹೋಯಿತು. ರೌಟರ್ ಆರಿಸಿ ಹಚ್ಚಿದೆ, ಕೇಬಲ್ ಬದಲಿಸಿದೆ. ಮತ್ತೆ ಸಿಕ್ಕರೂ, ಯಾರೋ ಕತ್ತು ಹಿಡಿದು ದಬ್ಬಿದಂತೆ ಹೊರಗೆ. ಕೊನೆಗೆ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನಿಗೆ ಫೋನ್ ಮಾಡಿದೆ.

"ನಿಮ್ಮ ಕಂಪ್ಯೂಟರ್ ಮುಂದೆ ಕೂತಾಗೆಲ್ಲ ನನ್ನನ್ನ ಹೊರಗೆ ತಳ್ತಿದ್ದಿದ್ದು ನೀವಾ ಅಕ್ಕಾ? ಗೆಲ್ಲೋ ಆಟ ಹಾಳು ಮಾಡಿದ್ರಲ್ಲ!"

ಪ್ರಿಂಟ್ ತೆಗೆಯಲೆಂದು ಕೊಟ್ಟಿದ್ದ ನನ್ನ ಪಾಸ್‌ವರ್ಡ್ ಹಾಕಿ ಇಸ್ಪೀಟು ಆಡುತ್ತಿದ್ದನಂತೆ. ಥೂ.

ವರದಿ ತಡವಾಯಿತು. ನಾಳೆಯಿಂದ ಆಫೀಸಿಗೇ ಬನ್ನಿ ಎಂದರು ಮ್ಯಾನೇಜರ್. ಸೊಂಟ ಮುರಿದು ಮಲಗಿರುವ ಅಮ್ಮನನ್ನು ಯಾರ ಕೈಗೆ ಒಪ್ಪಿಸಲಿ? ಅದನ್ನು ಇವನಿಗೆ ಹೇಳಿದರೆ, "ಬನ್ನಿ ಅಕ್ಕಾ, ನಿಮ್ಮ ಕುರ್ಚಿ ಬೆಚ್ಚಗೆ ಇಟ್ಟಿದ್ದೀನಿ" ಅಂದ.

ಮಲಗುವ ಮುಂಚೆ ಕವನ ಸಂಕಲನ ತೆರೆದೆ. ಸಾಲು ಸಾಲಿಗೂ ಆ ಕುರ್ಚಿಯ ಬಿಸಿಯೇ ತಾಗಿ, ಪುಸ್ತಕ ಮುಚ್ಚಿಟ್ಟೆ.