ಉಳಿಸಿಕೊಂಡ ಒಂದು ಅಂಕ

ಹುಬ್ಬಳ್ಳಿ,
ಫೆಬ್ರವರಿ 30, 2163

ವಿಮಾನದ ಮುಂಭಾಗದಲ್ಲಿ ಕೂರುವ ಹಿರಿಯರೇ,

ಮೇಲಿನ ತಾರೀಖು ನೋಡಿ ಈ ಕಾಗದವನ್ನು ಪಕ್ಕಕ್ಕೆ ಎಸೆಯಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ನಿಂತಿರುತ್ತವೆ, ಅವನ್ನು ಹೊರದಿನಗಳು ಎನ್ನುತ್ತೇವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಓದಿ ಕಲಿತವನು. ಇದು ಹಿಂದಂಚೆಯಲ್ಲಿ ಬರುವ ಕಾಗದ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಕಾಗದ ಕಳಿಸಲು ಅವಕಾಶ, ಅದು ಮುಟ್ಟಿತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಹೆಚ್ಚಿನವರು ತಮ್ಮ ಮುತ್ತಜ್ಜಿಗೋ ಮುತ್ತಜ್ಜನಿಗೋ ಬರೆಯುತ್ತಾರೆ. ನಾನು ಗುರುತು ಪರಿಚಯವಿಲ್ಲದ ನಿಮಗೆ ಬರೆಯುತ್ತಿದ್ದೇನೆ, ಅದೂ ಸಿಟ್ಟಿನಲ್ಲಿ. ಆ ಸಿಟ್ಟಿನ ದೊಡ್ಡ ಪಾಲು ನನ್ನ ಮೇಲೆಯೇ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ.

ನಾನು ಚನಮಲ್ಲ ಇಟಗಿ, ವಯಸ್ಸು ಎಪ್ಪತ್ತೆಂಟು. ಕಡಲತಡೆಗಳ ಬಿರುಕು ಅಳೆಯುವುದು ನನ್ನ ಕೆಲಸವಾಗಿತ್ತು. ಏರುವ ಸಮುದ್ರವನ್ನು ಊರಿನೊಳಗೆ ಬಿಡದೆ ನಿಲ್ಲಿಸಲು ನಾವು ಕಟ್ಟಿಕೊಂಡ ಗೋಡೆಗಳಿಗೆ ಆ ಹೆಸರು. ಅವು ಇಲ್ಲದ ಕರಾವಳಿ ಈಗ ಎಲ್ಲೂ ಇಲ್ಲ. ಹಾಗಾಗಿ ಮೂವತ್ತೊಂದು ವರ್ಷ ತಿಂಗಳಿಗೆ ಎರಡು ಸಲ ಹುಬ್ಬಳ್ಳಿಯಿಂದ ಜಕಾರ್ತಕ್ಕೆ ಹಾರಿದ್ದೇನೆ, ಯಾವಾಗಲೂ ಮೇಘಮಾರ್ಗ ಕಂಪನಿಯ ವಿಮಾನದಲ್ಲಿ, ಯಾವಾಗಲೂ ಮುಂಗೋಣೆಯಲ್ಲಿ. ನೀವು ಬಿಸಿನೆಸ್ ಕ್ಲಾಸ್ ಎನ್ನುವುದನ್ನೇ ನಾವು ಮುಂಗೋಣೆ ಎನ್ನುತ್ತೇವೆ. ನಮ್ಮಂಥವರಿಗೆ ನಿತ್ಯಹಾರಿಗಳು ಎಂಬ ಹೆಸರಿತ್ತು. ಆ ಹೆಸರಿನ ಬಗ್ಗೆ ನಮಗೆ ಜಂಭವೂ ಇತ್ತು.

ನಿಮ್ಮನ್ನು ನಾನು ಬಲ್ಲೆ. ನೀವು ಬರೆದ ಅನಿಸಿಕೆಗಳೆಲ್ಲ ಧಾರವಾಡದ ದಾಖಲೆಮನೆಯಲ್ಲಿ ಉಳಿದಿವೆ. ಕೆಲಸದಿಂದ ಬಿಡುವಾದ ಮೇಲೆ ಒಂದಿಡೀ ವರ್ಷ ಕುಳಿತು ಓದಿದೆ. ಮೀನು ತಣ್ಣಗಿತ್ತು. ಹೊದಿಕೆ ಮೊದಲಿನಷ್ಟು ದಪ್ಪವಿಲ್ಲ. ಗಾಜಿನ ಲೋಟ ಹೋಗಿ ಬೇರೇನೋ ಬಂದಿದೆ. ಆಸನ ಪೂರ್ತಿ ಮಲಗುತ್ತದೆ, ಆದರೆ ಮೊಣಕೈಗೆ ಜಾಗ ಸಾಲದು. ಹಿಂದೆ ಹೀಗಿರಲಿಲ್ಲ, ಈ ಕಂಪನಿ ಕೆಟ್ಟುಹೋಯಿತು, ಇನ್ನು ಹತ್ತುವುದಿಲ್ಲ ಎಂದು ಬರೆದವರೇ ಮರುತಿಂಗಳು ಅದೇ ವಿಮಾನ ಹತ್ತಿ ಇನ್ನೊಂದು ಅನಿಸಿಕೆ ಬರೆದಿದ್ದಾರೆ. ಓದುತ್ತ ನಕ್ಕಿದ್ದೇನೆ, ನಾವೂ ಹಾಗೆಯೇ ಇದ್ದೆವು. ಒಬ್ಬ ಮಹನೀಯರು ಆಸನದ ಬಗ್ಗೆ ನಾಲ್ಕು ಪುಟ ಬರೆದು, ಕೊನೆಗೆ ಆ ಹತ್ತು ತಾಸು ತಮ್ಮನ್ನು ನೋಡಿಕೊಂಡ ಹೆಣ್ಣುಮಗಳ ಬಗ್ಗೆ ಒಂದೇ ಸಾಲು ಬರೆದಿದ್ದರು: ‘ಸಿಬ್ಬಂದಿ ಪರವಾಗಿಲ್ಲ, ಇನ್ನೂ ಸುಧಾರಿಸಬಹುದು.’ ಆ ಸಾಲು ಓದಿದ ದಿನ ದಾಖಲೆ ಮುಚ್ಚಿಟ್ಟು ಮನೆಗೆ ಬಂದೆ.

ನಮ್ಮ ಕಾಲದಲ್ಲಿ ಅನಿಸಿಕೆ ಬರೆಯುವ ಕಷ್ಟ ಇರಲಿಲ್ಲ. ವಿಮಾನ ಇಳಿಯುವ ಮುನ್ನ ಆಸನದ ಕೈಯಿಂದ ಒಂದು ಅಂಕಪಟ್ಟಿ ಹೊರಗೆ ಬರುತ್ತಿತ್ತು. ಬಿಸಿ ವಸ್ತ್ರ, ಊಟ, ಹಾಸಿಗೆ, ಬಾಗಿಲು, ತಡೆಯಿಲ್ಲದ ನಿದ್ದೆ, ಪರಿಚಾರಕಿ. ಒಂದೊಂದಕ್ಕೂ ಹತ್ತರೊಳಗೆ ಅಂಕ. ಬಾಗಿಲು ಎಂದೆನಲ್ಲ, ಅದನ್ನು ವಿವರಿಸಬೇಕು. ಮುಂಗೋಣೆಯಲ್ಲಿ ಪ್ರತಿ ಆಸನಕ್ಕೂ ಸುತ್ತ ಗೋಡೆ, ಒಂದು ಬಾಗಿಲು. ಒಳಗಿನಿಂದ ಹಾಕಿದರೆ ಹೊರಗಿನಿಂದ ತೆರೆಯಲು ಪರಿಚಾರಕಿಗೆ ಮಾತ್ರ ಸಾಧ್ಯ. ಬಿಸಿ ವಸ್ತ್ರ ತಾಸಿಗೊಮ್ಮೆ ಗೋಡೆಯ ಸಣ್ಣ ಕಿಂಡಿಯಿಂದ ಬರುತ್ತಿತ್ತು, ತೆಗೆದುಕೊಳ್ಳದಿದ್ದರೆ ತಾನೇ ಒಳಗೆ ಹೋಗುತ್ತಿತ್ತು. ಇವಕ್ಕೆಲ್ಲ ಎಲ್ಲರೂ ಕಣ್ಣುಮುಚ್ಚಿ ಹತ್ತಕ್ಕೆ ಹತ್ತು ಕೊಡುತ್ತಿದ್ದೆವು. ಒದ್ದೆ ಬಟ್ಟೆಯ ತುಂಡಿನ ಬಗ್ಗೆ ಯಾರು ಯೋಚನೆ ಮಾಡುತ್ತಾರೆ? ಯೋಚನೆ ಮಾಡುತ್ತಿದ್ದುದು ಮನುಷ್ಯರ ಬಗ್ಗೆ.

ನಮ್ಮ ಹಾದಿಯ ಪರಿಚಾರಕಿ ಇಂದುಮತಿ ಕೋಟ್ಯಾನ್, ಮಲ್ಪೆಯ ಕಡೆಯವಳು. ಹತ್ತೊಂಬತ್ತು ವರ್ಷ ಅದೇ ವಿಮಾನ. ನನ್ನ ಬಲಮೊಣಕಾಲು ಹಿಡಿಯುತ್ತದೆಂದು ನೆನಪಿಟ್ಟುಕೊಂಡು ಎಡಗಡೆಯ ಆಸನ ಕೊಡುತ್ತಿದ್ದಳು. ನನ್ನ ಗೆಳೆಯ ಫಕ್ರುದ್ದೀನ್ ಬೀಳಗಿಯನ್ನಂತೂ ಗದರಿಸಿಯೇ ನೋಡಿಕೊಳ್ಳುತ್ತಿದ್ದಳು. ಫಕ್ರುದ್ದೀನ್ ಉಪ್ಪುನೀರಲ್ಲಿ ಬೆಳೆಯುವ ಭತ್ತದ ಬೀಜ ಮಾರುವವರು, ನನ್ನಷ್ಟೇ ಹಳೆಯ ನಿತ್ಯಹಾರಿ. ಸಕ್ಕರೆ ಕಾಯಿಲೆ ನಮ್ಮ ಕಾಲದಲ್ಲೂ ಹೋಗಿಲ್ಲ. ಮಧ್ಯಾಹ್ನದ ಇನ್ಸುಲಿನ್ ಸೂಜಿ ಚುಚ್ಚಿಕೊಂಡು ಊಟ ಬರುವ ಮೊದಲೇ ನಿದ್ದೆ ಹೋಗುವುದು ಅವರ ಕೆಟ್ಟ ಅಭ್ಯಾಸ. ಇಂದುಮತಿ ಬಾಗಿಲು ತಟ್ಟುತ್ತಿದ್ದಳು, ತಟ್ಟಿದರೂ ಏಳದಿದ್ದರೆ ತೆರೆದೇ ಬಿಡುತ್ತಿದ್ದಳು. “ಸಾಬ್ರೇ, ಏಳಿ. ನಾಲ್ಕು ತುತ್ತು ತಿನ್ನುವವರೆಗೆ ನಾನು ಇಲ್ಲಿಂದ ಹೋಗುವುದಿಲ್ಲ.” ಅವರು ಗೊಣಗುತ್ತ ಏಳುತ್ತಿದ್ದರು: “ನಮ್ಮವ್ವ ಸೈತ ಇಷ್ಟ ಕಾಡಿಲ್ಲ ನನ್ನ! ಇಟಗಿಯವರ, ನೋಡ್ರಿ ಈಕಿ ಕಾಟ.” ಆಮೇಲೆ ತಟ್ಟೆ ಖಾಲಿ ಮಾಡಿ, ಅವಳು ಅತ್ತ ಹೋದ ಮೇಲೆ, “ಮಗಳಿದ್ಹಾಂಗ ಆಕಿ” ಎನ್ನುತ್ತಿದ್ದರು.

ಆ ಮಗಳಿಗೆ ನಾನು ಒಂಬತ್ತು ಅಂಕ ಕೊಡುತ್ತಿದ್ದೆ, ಪ್ರತಿ ಸಲವೂ. ನಾಲ್ಕು ಪುಸ್ತಕ ಓದಿದವನು ಸುಲಭಕ್ಕೆ ಹತ್ತು ಕೊಡಬಾರದು ಎಂಬ ಬಿಂಕ ನನಗೆ. ಹತ್ತು ಕೊಟ್ಟರೆ ನನ್ನ ತೂಕ ಕಡಿಮೆಯಾದಂತೆ ಅನಿಸುತ್ತಿತ್ತು. ಒಮ್ಮೆ ಅವಳೇ ಕೇಳಿದಳು: “ಸರ್, ಆ ಒಂದು ಅಂಕ ಎಲ್ಲಿ ಹೋಯಿತು ಅಂತ ಹೇಳಿದರೆ ನಾನು ಸರಿ ಮಾಡಿಕೊಳ್ತೇನೆ.” ನಾನು ದೊಡ್ಡದಾಗಿ ನಕ್ಕು, “ಹತ್ತು ಕೊಟ್ಟುಬಿಟ್ಟರೆ ಮುಂದೆ ಕೊಡಲಿಕ್ಕೆ ನನ್ನ ಹತ್ತಿರ ಏನು ಉಳೀತದವಾ?” ಎಂದೆ. ಅವಳೂ ನಕ್ಕಳು, ಆದರೆ ಪೂರ್ತಿ ನಗಲಿಲ್ಲ. ಇಳಿದ ಮೇಲೆ ಫಕ್ರುದ್ದೀನರಿಗೆ ಹೇಳಿದರೆ ಅವರು ಇನ್ನೂ ಒಂದು ಕೈ ಮೇಲೆ. “ನೀವ್ ಒಂಬತ್ತರ ಕೊಡ್ತೀರಿ, ನಾ ಎಂಟ ಕೊಡ್ತೀನಿ. ಹತ್ತ ಕೊಟ್ರ ಕಂಪನಿಯವ್ರು ಆಕೀನ್ನ ದೊಡ್ಡ ಹಾದಿಗೆ ಕಸ್ಕೊಂಡು ಹೋಗ್ತಾರ. ಆಮೇಲೆ ನನ್ನ ಎಬ್ಬಸಾವ್ರು ಯಾರ್ರಿ?”

ಅವಳು ತಮ್ಮನ್ನು ಬಿಟ್ಟುಹೋಗದಿರಲಿ ಎಂದು ಅವರು ಎರಡು ಅಂಕ ಹಿಡಿದಿಟ್ಟರು. ನನ್ನ ಕಾರಣಕ್ಕೆ ಅಷ್ಟು ಮರ್ಯಾದೆಯೂ ಇಲ್ಲ.

ಮೂರು ವರ್ಷ ಸತತವಾಗಿ ಪೂರ್ಣಾಂಕ ಬಾರದ ಸೇವೆಯನ್ನು ನಿಲ್ಲಿಸುವುದೆಂದು ಕಂಪನಿ 2154ರಲ್ಲಿ ನಿಯಮ ಮಾಡಿತ್ತು. ಅದನ್ನೇನೂ ಅವರು ಬಚ್ಚಿಟ್ಟಿರಲಿಲ್ಲ, ಅಂಕಪಟ್ಟಿಯ ಹಿಂಬದಿಯಲ್ಲೇ ಅಚ್ಚಾಗಿತ್ತು. ನೂರಾರು ವರ್ಷ ಹಳೆಯ ದಾಖಲೆ ಹುಡುಕಿ ಓದುವ ನಾನು ಕೈಯಲ್ಲಿದ್ದ ಕಾಗದವನ್ನು ಒಮ್ಮೆಯೂ ತಿರುವಿ ನೋಡಲಿಲ್ಲ. 2157ರ ಹೊರದಿನಗಳಲ್ಲಿ ನಮಗೆಲ್ಲ ಒಂದು ಸೂಚನೆ ಬಂತು: ‘ಮಾನ್ಯ ಪ್ರಯಾಣಿಕರ ಇಚ್ಛೆಯ ಮೇರೆಗೆ ಮುಂಗೋಣೆಯಲ್ಲಿ ಪರಿಚಾರಕರ ಸೇವೆಯನ್ನು ಕೈಬಿಡಲಾಗಿದೆ. ಬಿಸಿ ವಸ್ತ್ರ, ಬಾಗಿಲು ಹಾಗೂ ತಡೆಯಿಲ್ಲದ ನಿದ್ದೆ ಎಂದಿನಂತೆ ಮುಂದುವರಿಯುತ್ತವೆ.’ ಇಚ್ಛೆಯ ಮೇರೆಗೆ! ನಾನು ಕೆರಳಿ ಹನ್ನೊಂದು ಪುಟದ ಪ್ರತಿಭಟನೆ ಬರೆದೆ. ಅವರು ನನ್ನದೇ ಹತ್ತೊಂಬತ್ತು ವರ್ಷದ ಅಂಕಗಳನ್ನು ನೀಟಾಗಿ ಜೋಡಿಸಿ ವಾಪಸು ಕಳಿಸಿದರು. ಉದ್ದಕ್ಕೂ ಒಂಬತ್ತು, ಒಂಬತ್ತು, ಒಂಬತ್ತು. ಇಂಥ ನಿಯಮ ಮಾಡಿದವರ ತಲೆಯಲ್ಲಿ ಮನುಷ್ಯರಿಗೂ ವಸ್ತ್ರಕ್ಕೂ ವ್ಯತ್ಯಾಸವಿರಲಿಲ್ಲ ಎಂಬುದು ನಿಜ. ಅವರ ಕೈಗೆ ಆ ಅಂಕೆಗಳನ್ನು ತುಂಬಿ ಕೊಟ್ಟವರು ನಾವು ಎಂಬುದೂ ಅಷ್ಟೇ ನಿಜ.

ಮರುವರ್ಷದ ಏಪ್ರಿಲ್‌ನಲ್ಲಿ ನಾನೂ ಫಕ್ರುದ್ದೀನರೂ ಒಟ್ಟಿಗೆ ಹೊರಟೆವು. ಹತ್ತುವಾಗ ಅವರು ಆಸನಗಳ ನಡುವಿನ ಖಾಲಿ ಹಾದಿಯನ್ನು ನೋಡಿ, “ಮನಿಯಾಗ ಹೆಣ್ಮಕ್ಕಳಿಲ್ಲದ್ಹಾಂಗ ಆಗೇತಿ” ಎಂದರು. ನಂತರ ಇಬ್ಬರೂ ಅಕ್ಕಪಕ್ಕದ ಬಾಗಿಲು ಹಾಕಿಕೊಂಡೆವು. ಐದು ತಾಸಿನ ಹಾರಾಟ. ನಾನು ಓದುತ್ತಿದ್ದೆ, ಒಳ್ಳೆಯ ಪುಸ್ತಕ, ಕಿಂಡಿಯಿಂದ ಬಂದ ಊಟವೂ ಬಿಸಿಯಾಗಿತ್ತು. ನಮ್ಮ ನಡುವೆ ಇದ್ದುದು ಒಂದು ಗೇಣು ದಪ್ಪದ ಗೋಡೆ. ಜಕಾರ್ತದಲ್ಲಿ ಎಲ್ಲ ಬಾಗಿಲುಗಳೂ ತಾವಾಗಿ ತೆರೆದುಕೊಂಡಾಗ ಅವರು ಏಳಲಿಲ್ಲ. ಸೂಜಿ ಚುಚ್ಚಿಕೊಂಡಿದ್ದರು, ಊಟದ ತಟ್ಟೆ ಮುಟ್ಟಿರಲಿಲ್ಲ. ಸಕ್ಕರೆ ಇಳಿದು ಮೂರು ತಾಸಿನ ಹಿಂದೆಯೇ ಜೀವ ಹೋಗಿದೆ ಎಂದರು ವೈದ್ಯರು. ಯಾರೂ ಅವರ ನಿದ್ದೆಗೆ ತಡೆ ಮಾಡಿರಲಿಲ್ಲ. ಬಿಸಿ ವಸ್ತ್ರ ಐದು ಸಲ ಬಂದು ಐದು ಸಲ ತಣ್ಣಗಾಗಿ ಒಳಗೆ ಹೋಗಿತ್ತು. ಆಸನದ ಕೈಯಿಂದ ಅಂಕಪಟ್ಟಿ ಹೊರಬಂದು ಅವರ ಬೆರಳ ಹತ್ತಿರ ಕಾಯುತ್ತಿತ್ತು.

ಆಮೇಲೆ ನಾನು ವಿಮಾನ ಹತ್ತಿಲ್ಲ. ವಾಪಸು ಬಂದದ್ದು ಹಡಗಿನಲ್ಲಿ, ಇಪ್ಪತ್ತಮೂರು ದಿನ.

ಹೋದ ವರ್ಷ ಮಲ್ಪೆಗೆ ಹೋಗಿ ಇಂದುಮತಿಯನ್ನು ಕಂಡೆ. ಕಡಲತಡೆಯ ಕೆಳಗೆ ಸಣ್ಣ ಮನೆ, ಎಷ್ಟು ಹೊತ್ತಿಗೂ ಗೋಡೆಯಾಚೆ ನೀರು ಬಡಿಯುವ ಸದ್ದು. ಅವಳು ಅಲ್ಲಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಫಕ್ರುದ್ದೀನರ ಸುದ್ದಿ ಅವಳಿಗೆ ಗೊತ್ತಿರಲಿಲ್ಲ, ನಾನೇ ಹೇಳಬೇಕಾಯಿತು. “ನಾನು ಇದ್ದಿದ್ದರೆ ತಟ್ಟುತ್ತಿದ್ದೆ ಸರ್” ಎಂದಳು. ಅಷ್ಟೇ. ಎದ್ದುಹೋಗಿ ಚಹಾ ಮಾಡಿ ತಂದಳು, ಹಳೆಯ ನೆನಪಿನಲ್ಲಿ ನನ್ನ ಎಡಗಡೆಗೆ ಇಟ್ಟಳು. ನಾನು ಕುಡಿದು ಲೋಟ ಕೆಳಗಿಟ್ಟಾಗ ನನ್ನ ಮುಖವನ್ನೇ ನೋಡುತ್ತ ಕೇಳಿದಳು: “ಎಷ್ಟು ಕೊಡ್ತೀರಿ ಸರ್?”

ಹತ್ತು ಎಂದು ಬರೆಯಲು ಅಲ್ಲಿ ಯಾವ ಪಟ್ಟಿಯೂ ಇರಲಿಲ್ಲ, ಹೇಳಿದರೆ ಅದರಿಂದ ಯಾರೂ ಏಳುತ್ತಲೂ ಇರಲಿಲ್ಲ.

ಹಿರಿಯರೇ, ನಿಮ್ಮ ವಿಮಾನಗಳಲ್ಲಿ ಇನ್ನೂ ಮನುಷ್ಯರು ಓಡಾಡುತ್ತಿದ್ದಾರೆ. ಹೊದಿಕೆ ತೆಳ್ಳಗಾದರೆ ಬೈಯಿರಿ, ಮೀನು ತಣ್ಣಗಿದ್ದರೆ ಬೇಕಾದಷ್ಟು ಪುಟ ಬರೆಯಿರಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪಟ್ಟಿಯಲ್ಲಿ ಮನುಷ್ಯರ ಸಾಲು ಬಂದಾಗ ನಿಮ್ಮ ಬಿಂಕವನ್ನು ಕೆಳಗಿಳಿಸಿ ಹತ್ತು ಎಂದು ಬರೆಯಿರಿ. ಹಿಂಬದಿಯಲ್ಲಿ ಏನು ಅಚ್ಚಾಗಿದೆ ಎಂದು ತಿರುವಿ ನೋಡಿ. ಆಮೇಲೆ, ವಿಮಾನ ಇಳಿಯಲು ಇನ್ನೂ ಹೊತ್ತಿದ್ದರೆ, ಎದ್ದು ಹೋಗಿ ಪಕ್ಕದವರ ಬಾಗಿಲನ್ನು ಒಮ್ಮೆ ತಟ್ಟಿ. ಬೈದರೆ ಬೈಯಲಿ.

ನಿಮಗಿಂತ ಎಷ್ಟೋ ಕಿರಿಯವನಾದ,
ಚನಮಲ್ಲ ಇಟಗಿ