ಕೈ ಬೆಚ್ಚಗಿತ್ತು, ರಾಮಲಕ್ಷ್ಮಿ

ಶಿಡ್ಲಘಟ್ಟ
8 ಸೆಪ್ಟೆಂಬರ್ 1996, ಭಾನುವಾರ

ರಾಮಲಕ್ಷ್ಮಿಗೆ ಅನಸೂಯ ಬರೆಯುವುದು.

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ಒಂಬತ್ತು ವರ್ಷದಿಂದ ನೀನು ನನ್ನ ಜೊತೆ ಮಾತು ಬಿಟ್ಟಿದ್ದೀಯ. ಸಂತೆಯಲ್ಲಿ ಎದುರಾದರೆ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸುತ್ತೀಯ. ಅದನ್ನು ನಾನು ಸಹಿಸಿಕೊಂಡೆ, ಏಕೆಂದರೆ ನಿನ್ನ ಕೋಪಕ್ಕೆ ಕಾರಣವಿತ್ತು. ಆದರೆ ಮೊನ್ನೆ ಗುರುವಾರ ಆದಿಲಕ್ಷ್ಮಿ ಸತ್ತಳಲ್ಲ, ನಿನ್ನ ಅತ್ತೆಯ ತಂಗಿಯ ಸೊಸೆ, ಅವಳ ಮಣ್ಣಿಗೆ ನೀನೂ ಹೋಗಿದ್ದೆಯಂತೆ. ಅವಳು ಹೇಗೆ ಸತ್ತಳೆಂದು ನಿನಗೆ ಯಾರೂ ಸರಿಯಾಗಿ ಹೇಳಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು. ಆಮೇಲೆ ಬೇಕಾದರೆ ಹರಿದು ಒಲೆಗೆ ಹಾಕು.

ಅವಳ ವಿಷಯಕ್ಕೆ ಮೊದಲು ನಿನ್ನ ವಿಷಯ. ಆ ದಿನದ ಅರ್ಧ ನಿನಗೆ ನೆನಪಿಲ್ಲ, ಉಳಿದರ್ಧವನ್ನು ಬೇರೆಯವರು ತುಂಬಿಕೊಟ್ಟಿದ್ದಾರೆ.

ಎಂಬತ್ತೇಳನೇ ಇಸವಿ. ನಿನ್ನ ಮಗಳು ಹುಟ್ಟಿ ನಾಲ್ಕು ದಿನ. ಎರಡು ಸಲ ಬಸಿರು ನಿಲ್ಲದೆ, ಮದುವೆಯಾದ ಏಳನೇ ವರ್ಷಕ್ಕೆ ಹುಟ್ಟಿದ ಕೂಸು. ಹೆರಿಗೆ ಮನೆಯಲ್ಲೇ ಆಗಿತ್ತು, ನನ್ನನ್ನು ಕರೆದಿರಲಿಲ್ಲ. ಅಂಬಾಜಿದುರ್ಗದ ಬುಡದಿಂದ ಚಿಂತಾಮಣಿಯ ಹೈಸ್ಕೂಲಿಗೆ ಮೂರು ವರ್ಷ ಜೊತೆಯಾಗಿ ನಡೆದವರು ನಾವು. ನೀನು ಜಂಗಮಕೋಟೆಗೆ ಸೊಸೆಯಾಗಿ ಹೋದೆ, ನಾನು ಅದೇ ಕಡೆಯ ಸಬ್‌ಸೆಂಟರಿಗೆ ನರ್ಸಾಗಿ ಬಂದೆ. ಆದರೂ ಬಾಣಂತಿಯನ್ನು ನೋಡಲು ಬಂದ ಗೆಳತಿಯಾಗಿಯೇ ಆ ಬೆಳಿಗ್ಗೆ ನಿಮ್ಮ ಮನೆಗೆ ಬಂದೆ.

ನಿನ್ನ ಯಜಮಾನರು ವೆಂಕಟರವಣಪ್ಪನವರು ರೇಷ್ಮೆಗೂಡು ಹಾಕಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿದ್ದರು. ನಿನ್ನ ಅತ್ತೆ ಗಂಗುಲಮ್ಮನವರು ಬಾಗಿಲಲ್ಲೇ ಹೇಳಿದರು, ಎರಡು ದಿನ ಚಳಿಜ್ವರ ಇತ್ತು, ಊರಿನ ಡಾಕ್ಟರು ಇಂಜೆಕ್ಷನ್ ಕೊಟ್ಟು ಹೋದ, ಈಗ ಇಳಿಮುಖ ಅಂತ. ನೀನು ಕಂಬಳಿ ಕಿತ್ತೆಸೆದು ಮಲಗಿದ್ದೆ. ಕೆನ್ನೆ ಕೆಂಪಗೆ, ಕಣ್ಣು ಹೊಳೆಯುತ್ತಿತ್ತು, ಕೈಕಾಲು ಬೆಚ್ಚಗೆ. ಯಾರು ನೋಡಿದರೂ ಹುಷಾರಾಗುತ್ತಿದ್ದಾಳೆ ಅನ್ನಬೇಕು, ಹಾಗಿದ್ದೆ.

ನಾನು ನಾಡಿ ಹಿಡಿದೆ. ನಿಮಿಷಕ್ಕೆ ನೂರ ಮೂವತ್ತು. ಬಡಿತ ಬೆರಳನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಉಸಿರು ಮೂವತ್ತೆರಡು. ಉಗುರು ಒತ್ತಿ ಬಿಟ್ಟರೆ ಕೆಂಪು ಅರೆಕ್ಷಣದಲ್ಲಿ ತಿರುಗಿ ಬರುತ್ತಿತ್ತು. ಹಿಂದಿನ ರಾತ್ರಿಯಿಂದ ಮೂತ್ರಕ್ಕೆ ಎದ್ದಿಲ್ಲವೆಂದರು. ಬಟ್ಟೆಯ ವಾಸನೆಯಲ್ಲೇ ಒಳಗೆ ಕೀವಾಗಿದೆಯೆಂದು ಗೊತ್ತಾಯಿತು. ಊರಿನ ಡಾಕ್ಟರನ್ನು ಓಡಿಹೋಗಿ ಕೇಳಿದೆ. ಬಿ.ಪಿ. ಮೇಲಿನದು ನೂರು, ಕೆಳಗಿನದು ನಲವತ್ತು, ಮೇಲಿನದು ಚೆನ್ನಾಗಿದೆಯಲ್ಲ ಸಿಸ್ಟರ್ ಅಂದ. ಕೆಳಗಿನದು ನಲವತ್ತು ಯಾಕೆ ಅಂದರೆ ಅವನ ಹತ್ತಿರ ಉತ್ತರವಿಲ್ಲ. ನಿಜ ಹೇಳಬೇಕೆಂದರೆ ಅವತ್ತು ನನ್ನ ಹತ್ತಿರವೂ ಇರಲಿಲ್ಲ. ತರಬೇತಿಯಲ್ಲಿ ಒಂದೇ ಒಂದು ಮಾತು ಕಿವಿಗೆ ಬಿದ್ದಿತ್ತು, ಬಾಣಂತಿಗೆ ನಂಜೇರಿದರೆ ಮೊದಲು ಮೈ ಬೆಚ್ಚಗೇ ಇರುತ್ತದೆ, ಮೋಸಹೋಗಬೇಡಿ ಅಂತ.

ಗಂಗುಲಮ್ಮನವರು ಬಿಡಲಿಲ್ಲ. "ಏಮೀ ಲೇದಮ್ಮಾ, ಏನೂ ಆಗಿಲ್ಲ, ಸುಮ್ನೆ ಭಯ ಹುಟ್ಟಿಸ್ಬೇಡ. ಕೈ ಮುಟ್ಟಿ ನೋಡು, ಎಷ್ಟು ಬೆಚ್ಚಗದೆ. ತಣ್ಣಗಾದ್ರೆ ತಾನೆ ಭಯ ಬೀಳ್ಬೇಕು," ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವರು ಕಂಡ ಸಾವುಗಳೆಲ್ಲ ತಣ್ಣಗಿದ್ದವು. ಮಗ ಬರಲಿ ಅಂತ ಮಧ್ಯಾಹ್ನದವರೆಗೆ ಕಾಯಿಸಲು ನೋಡಿದರು. ನಾನು ಕಾಯಲಿಲ್ಲ. ಗೂಡು ಸಾಗಿಸುವ ಒಂದು ಮೆಟಾಡೋರ್ ಖಾಲಿ ನಿಂತಿತ್ತು. ನಿನ್ನನ್ನು ಚಾಪೆಯ ಸಮೇತ ಅದರಲ್ಲಿ ಮಲಗಿಸಿದೆ. ಕೂಸು ಅತ್ತೆಯ ತೊಡೆಯ ಮೇಲೆ ಅಳುತ್ತಿತ್ತು. ಅವರು ಬರಲೂ ಇಲ್ಲ, ಯಾರನ್ನೂ ಜೊತೆಗೆ ಕಳಿಸಲೂ ಇಲ್ಲ.

ದಾರಿಯಲ್ಲಿ ನೀನು ಒಂದೇ ಸಮನೆ ಮಾತಾಡಿದೆ. "ಅನಸೂಯಾ, ಸೊಪ್ಪು ಹಾಕ್ಬೇಕು ಕಣೇ, ಹುಳ ಹಸ್ಕೊಂಡದೆ," ಅಂತ ಹತ್ತು ಸಲವಾದರೂ ಹೇಳಿರಬೇಕು. ನಿಮ್ಮ ಮನೆಯ ಹುಳವೆಲ್ಲ ಗೂಡಾಗಿ, ಆ ಗೂಡು ಆ ಹೊತ್ತಿಗೆ ಮಾರುಕಟ್ಟೆಯಲ್ಲಿತ್ತು. ದೇವನಹಳ್ಳಿ ದಾಟುವಾಗ ನಿನ್ನ ಬೆರಳ ತುದಿ ತಣ್ಣಗಾಗತೊಡಗಿತು. ನಾನು ಎರಡೂ ಕೈಯಲ್ಲಿ ಉಜ್ಜುತ್ತಾ ಕೂತೆ, ಉಜ್ಜಿದರೆ ಏನೂ ಆಗುವುದಿಲ್ಲವೆಂದು ಗೊತ್ತಿದ್ದರೂ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಇಬ್ಬರು ಎರಡು ಕೈಗೂ ಸಲೈನ್ ಚುಚ್ಚಿ ಬಾಟಲಿಯ ಮೇಲೆ ಬಾಟಲಿ ಬಿಟ್ಟರು. ಓದು ಮುಗಿಸಿ ಹೊಸದಾಗಿ ಬಂದಿದ್ದ ಒಬ್ಬಳು ಡಾಕ್ಟರು ನಾನು ನಲವತ್ತರ ವಿಷಯ ಕೇಳಿದಾಗ ಬೇಸರಿಸದೆ ಹೇಳಿದಳು. ನಂಜು ರಕ್ತನಾಳಗಳನ್ನು ಸಡಿಲ ಮಾಡಿಬಿಡುತ್ತದೆ, ಸಿಸ್ಟರ್. ರಕ್ತ ಅಷ್ಟೇ ಇರುತ್ತದೆ, ಪಾತ್ರೆ ದೊಡ್ಡದಾಗುತ್ತದೆ. ನಿಮ್ಮ ತೋಟದಲ್ಲಿ ಒಂದೇ ಪಂಪ್‌ಸೆಟ್ಟಿನ ನೀರನ್ನು ಎಲ್ಲ ಸಾಲಿಗೂ ಒಟ್ಟಿಗೆ ಬಿಟ್ಟ ಹಾಗೆ. ಚರ್ಮಕ್ಕೆ ರಕ್ತ ನುಗ್ಗಿ ಮೈ ಕೆಂಪಾಗಿ ಬೆಚ್ಚಗಿರುತ್ತದೆ, ಮೂತ್ರಪಿಂಡಕ್ಕೆ, ಮಿದುಳಿಗೆ ಒತ್ತಡ ಸಾಲುವುದಿಲ್ಲ. ಅದನ್ನು ಸರಿದೂಗಿಸಲು ಹೃದಯ ಓಡುತ್ತದೆ. ನಾಳಗಳಿಂದ ನೀರೂ ಹೊರಗೆ ಜಿನುಗುತ್ತದೆ. ಓಡಿ ಓಡಿ ಸೋತ ಮೇಲೆ ಕೈ ತಣ್ಣಗಾಗುತ್ತದೆ. ಜನ ಆಗ ಹೊರಡುತ್ತಾರೆ.

ಜನ ಆಗ ಹೊರಡುತ್ತಾರೆ. ಈ ಒಂದು ಮಾತನ್ನು ಮನೆಮನೆಗೆ ಹೇಳಿ ಹೇಳಿ ನನ್ನ ನಾಲಗೆ ಸವೆದಿದೆ.

ಈಗ ನಿನಗೆ ಯಾರೂ ಹೇಳದ ಮಾತು. ನಿನ್ನ ಗರ್ಭಕೋಶ ಪೂರ್ತಿ ಕೆಟ್ಟಿದೆ, ತೆಗೆಯದಿದ್ದರೆ ಸಂಜೆಯವರೆಗೂ ಉಳಿಯುವುದಿಲ್ಲ ಎಂದರು. ನೆಂಟರು ಯಾರಿದ್ದೀರಿ, ಸಹಿ ಬೇಕು ಎಂದರು. ನಾನು ಅಕ್ಕ ಅಂತ ಬರೆದು ಸಹಿ ಹಾಕಿದೆ. ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು. ಸಲೈನ್ ಒಳಗೆ ಹೋದ ಮೇಲೆ ಸ್ವಲ್ಪ ಹೊತ್ತು ನಿನಗೆ ಸ್ಪಷ್ಟವಾಗಿ ಎಚ್ಚರವಾಯಿತು. ನನ್ನ ಮುಖ ನೋಡಿ, "ಏನ್ ಮಾಡ್ತಾರೆ ಕಣೇ?" ಅಂತ ಕೇಳಿದೆ. ಆಗ ನಿನ್ನನ್ನು ಕೇಳಬಹುದಿತ್ತು. ಕೇಳಿದರೆ ನೀನು ಬೇಡ ಅಂತೀಯ, ಗಂಡುಮಗು ಬೇಕು ಅಂತೀಯ ಎಂಬ ಭಯಕ್ಕೆ, "ಏನಿಲ್ಲ, ಒಳಗೆ ಕ್ಲೀನ್ ಮಾಡ್ತಾರೆ," ಅಂದೆ. ಅದು ಸುಳ್ಳು. ನಿನ್ನ ದೇಹದ ವಿಷಯದಲ್ಲಿ ನಿನಗೇ ಸುಳ್ಳು ಹೇಳಿದೆ. ನೀನು ತಲೆಯಾಡಿಸಿ ಕಣ್ಣು ಮುಚ್ಚಿದೆ.

ಎಂಟನೇ ದಿನ ವಾರ್ಡಿನಲ್ಲಿ ನಿನಗೆ ಗೊತ್ತಾಯಿತು. "ನಿನ್ನನ್ನ ಯಾರು ಕೇಳಿದ್ರು?" ಅಂದೆ, ಅಷ್ಟೇ. ನಿನ್ನ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ವೆಂಕಟರವಣಪ್ಪನವರು ಇನ್ನೊಂದು ಮದುವೆಯಾಗಲಿಲ್ಲ. ಆದರೆ ನಿನ್ನ ಎದುರಿಗೇ ಎರಡು ವರ್ಷ ಆ ಮಾತು ನಡೆಯಿತೆಂದು ಕೇಳಿ ನನಗೆ ಅನ್ನ ಸೇರುತ್ತಿರಲಿಲ್ಲ. ಆಮೇಲೆ ನನಗೆ ಗೌರಿಬಿದನೂರಿನ ಕಡೆಗೆ ವರ್ಗವಾಯಿತು. ಐದು ವರ್ಷ ಅಲ್ಲಿದ್ದು ಮತ್ತೆ ಈ ಕಡೆಗೇ ಬಂದಾಗ ಊರಿನಲ್ಲಿ ನನಗೊಂದು ಹೆಸರು ಬಿದ್ದಿತ್ತು, ಕೋಶ ಕೀಳ್ಸೋ ನರ್ಸಮ್ಮ ಅಂತ.

ಹೆಸರಿಗೆ ಹೆದರುವವಳಲ್ಲ ನಾನು. ಆದರೆ ಆ ಹೆಸರು ಆದಿಲಕ್ಷ್ಮಿಯ ಮನೆ ಬಾಗಿಲಲ್ಲಿ ಅಡ್ಡ ನಿಂತಿತು.

ಹೋದ ಮಂಗಳವಾರ ಬೆಳಿಗ್ಗೆ ಹೋಗಿದ್ದೆ. ಹೆರಿಗೆಯಾಗಿ ಐದು ದಿನ, ವಯಸ್ಸು ಇಪ್ಪತ್ತೂ ತುಂಬಿಲ್ಲ. ಕೆನ್ನೆ ಕೆಂಪು, ಕೈ ಬೆಚ್ಚಗೆ, ನಾಡಿ ನೂರ ಇಪ್ಪತ್ತೆಂಟು. ನನ್ನ ಹತ್ತಿರ ಈಗ ನನ್ನದೇ ಬಿ.ಪಿ. ಯಂತ್ರವಿದೆ. ಮೇಲಿನದು ನೂರಹತ್ತು, ಕೆಳಗಿನದು ನಲವತ್ತೈದು. ಅವಳು ನಗುನಗುತ್ತಾ ಮಗುವಿನ ಹೆಸರನ್ನು ಎರಡು ಸಲ ಬೇರೆ ಬೇರೆ ಹೇಳಿದಳು. ಈಗಲೇ ಹೊರಡಬೇಕು, ಜೀಪು ನಾನು ತರುತ್ತೇನೆ ಅಂದೆ. ಪಂಪ್‌ಸೆಟ್ಟಿನ ಕತೆ ಹೇಳಿದೆ. ಕಾಲು ಹಿಡಿದೆ ಅಂತಲೇ ತಿಳಿದುಕೋ. ಅವಳ ಅತ್ತೆ ಬಾಗಿಲಿಗೆ ಕೈ ಅಡ್ಡ ಇಟ್ಟು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ. "ರಾಮಲಕ್ಷ್ಮಿ ನಮ್ಮನೇಲಿ ಕೂತು ಎಲ್ಲಾ ಹೇಳವಳೆ. ಚೆನ್ನಾಗಿದ್ದೋಳ್ನ ಎತ್ಕೊಂಡೋಗಿ ಬಂಜೆ ಮಾಡಿ ಕಳಿಸಿದ್ಯಂತೆ. ನಮ್ಮ ಹುಡುಗೀನ ಬಿಟ್ಬಿಡಮ್ಮ."

ಚೆನ್ನಾಗಿದ್ದೋಳ್ನ. ಈ ಮಾತು ನಿನ್ನದೇ ಆಗಿದ್ದರೆ, ರಾಮಲಕ್ಷ್ಮಿ, ಅದು ನಿಜವಲ್ಲ. ನೀನು ಚೆನ್ನಾಗಿರಲಿಲ್ಲ. ಸಾಯುತ್ತಿದ್ದೆ. ಚೆನ್ನಾಗಿ ಕಾಣುತ್ತಿದ್ದೆ ಅಷ್ಟೇ.

ಬುಧವಾರ ಮತ್ತೆ ಹೋದೆ. ಒಳಗೆ ಬಿಡಲಿಲ್ಲ. ಹೆಲ್ತ್ ಸೆಂಟರಿನ ಡಾಕ್ಟರನ್ನಾದರೂ ಕರೆತರೋಣವೆಂದರೆ ಅವರು ಕೋಲಾರದಲ್ಲಿ ಮೀಟಿಂಗಿನಲ್ಲಿದ್ದರು. ಗುರುವಾರ ಬೆಳಿಗ್ಗೆ ಆದಿಲಕ್ಷ್ಮಿಯ ಮನೆಯವರೇ ಕರೆಸಿದರು. ಕೈ ತಣ್ಣಗಾಗಿತ್ತು. ಜೀಪಿನಲ್ಲಿ, ದೇವನಹಳ್ಳಿಗೂ ಮುಂಚೆ, ವಿಜಯಪುರ ದಾಟುವಷ್ಟರಲ್ಲಿ ನನ್ನ ಬೆರಳಿಗೆ ನಾಡಿ ಸಿಗಲಿಲ್ಲ. ಅವಳ ಅತ್ತೆ ನನ್ನ ಭುಜ ಹಿಡಿದು ಅಲುಗಾಡಿಸಿ, ಮೊದಲೇ ಗಟ್ಟಿಯಾಗಿ ಹೇಳಬಾರದಿತ್ತಾ ಅಂದಳು. ವಾಪಸು ಬರುವಾಗ ದಾರಿಯುದ್ದಕ್ಕೂ ಬೈದುಕೊಂಡೆ. ಅವರನ್ನು, ನಿನ್ನನ್ನು, ಊರಿನ ಡಾಕ್ಟರನ್ನು. ನನ್ನನ್ನೂ. ಅವತ್ತು ನಿನ್ನನ್ನು ಕೇಳಿ, ನೀನು ಹೂಂ ಅಂದ ಮೇಲೆ ಸಹಿ ಹಾಕಿದ್ದರೆ, ಇವತ್ತು ನೀನೇ ನನ್ನ ಪರವಾಗಿ ಆ ಬಾಗಿಲಲ್ಲಿ ನಿಲ್ಲುತ್ತಿದ್ದೆಯೇನೋ.

ಕ್ಷಮೆ ಕೇಳಲು ಬರೆದ ಪತ್ರವಲ್ಲ ಇದು. ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳುತ್ತೇನೆ, ಸಹಿ ಹಾಕಿದ್ದಕ್ಕೆ ಕೇಳುವುದಿಲ್ಲ. ಅದೇ ಹೊತ್ತು ಮತ್ತೆ ಬಂದರೆ ಮತ್ತೆ ಹಾಕುತ್ತೇನೆ.

ಬರುವ ಗುರುವಾರ ಹತ್ತು ಗಂಟೆಗೆ ಆದಿಲಕ್ಷ್ಮಿಯ ಊರಿನ ಅಂಗನವಾಡಿಯಲ್ಲಿ ಚುಚ್ಚುಮದ್ದು ಹಾಕುತ್ತೇನೆ. ನಾಲ್ಕು ಜನ ಬಸುರಿಯರಿದ್ದಾರೆ, ಇಬ್ಬರಿಗೆ ದಿನ ತುಂಬಿದೆ. ಅವರ ಅತ್ತೆಯರೂ ಬರುತ್ತಾರೆ. ನನ್ನ ಮಾತನ್ನು ಅಲ್ಲಿ ಯಾರೂ ಕೇಳುವುದಿಲ್ಲ. ನಿನ್ನ ಮಾತನ್ನು ಕೇಳುತ್ತಾರೆ. ಬಾ. ನನ್ನ ಮುಖ ನೋಡಬೇಡ, ನನ್ನ ಜೊತೆ ಮಾತಾಡಬೇಡ. ಮೊದಲು ಎಲ್ಲರೆದುರಿಗೆ ನನ್ನನ್ನು ಬೈದುಬಿಡು. ಈ ಅನಸೂಯ ನನಗೆ ಸುಳ್ಳು ಹೇಳಿ ಸಹಿ ಹಾಕಿದಳು ಅನ್ನು, ನಾನು ತಲೆ ತಗ್ಗಿಸಿ ನಿಲ್ಲುತ್ತೇನೆ. ಆಮೇಲೆ ಅವತ್ತು ನಿನ್ನ ಕೈ ಎಷ್ಟು ಬೆಚ್ಚಗಿತ್ತು ಅಂತ ಹೇಳು.

ನಿನ್ನ ಮಗಳು ನಾಲ್ಕನೇ ಕ್ಲಾಸಿನಲ್ಲಿ ಚೆನ್ನಾಗಿ ಓದುತ್ತಾಳೆಂದು ಅವಳ ಮೇಷ್ಟ್ರು ಹೇಳಿದರು. ಅವಳ ತಲೆ ಬಾಚಲು ನೀನು ನೂರು ವರ್ಷ ಇರು.

ನಿನ್ನ ಅಕ್ಕ ಅಂತ ಒಂದೇ ಒಂದು ಸಲ ಬರೆದವಳು,
ಅನಸೂಯ